ಸಮ್ಮೇಳನಕ್ಕೊಂದು ಪುಟ

ಯಾವುದೇ ಸಮ್ಮೇಳನದ ಮೊದಲ ಗೋಷ್ಠಿ ಅದರ ಆಮಂತ್ರಣ ಪತ್ರಿಕೆಯಲ್ಲಿಯೇ ನಡೆದುಹೋಗುತ್ತದೆ. ಉದ್ಘಾಟಕರು ದೀಪ ಬೆಳಗುವುದಕ್ಕೆ ವಾರಗಳ ಮೊದಲೇ ಈ ಸಮಾರಂಭ ಯಾರಿಗಾಗಿ, ಇಲ್ಲಿ ಯಾರಿಗೆ ಮುಂದಿನ ಸಾಲು, ಯಾರಿಗೆ ಬಾಗಿಲ ಬಳಿಯ ಜಾಗ ಎಂಬುದನ್ನು ಆ ಒಂದು ಹಾಳೆ ಸಾರಿಬಿಟ್ಟಿರುತ್ತದೆ. ಬರಬೇಕೋ ಬೇಡವೋ ಎಂದು ಓದಿದವನು ನಿರ್ಧರಿಸುವುದೂ ಅದನ್ನು ಕೈಯಲ್ಲಿ ಹಿಡಿದಾಗಲೇ. ಹೀಗಿದ್ದೂ ಕನ್ನಡದ ಸಾಹಿತ್ಯಕ ಸಮಾರಂಭಗಳ ಸಿದ್ಧತೆಯಲ್ಲಿ ಅತ್ಯಂತ ಕಡಿಮೆ ಚರ್ಚೆಗೆ ಒಳಗಾಗುವ ವಿಷಯವೆಂದರೆ ಈ ಹಾಳೆಯೇ. ಅಧ್ಯಕ್ಷರ ಆಯ್ಕೆ, ಗೋಷ್ಠಿಗಳ ವಿಷಯ, ವಸತಿ, ಊಟೋಪಚಾರ ಇವೆಲ್ಲಕ್ಕೂ ಸಮಿತಿ, ಉಪಸಮಿತಿಗಳು ರಚನೆಯಾಗುತ್ತವೆ. ಆಮಂತ್ರಣದ ಕೆಲಸ ಮಾತ್ರ ಕೊನೆಯ ವಾರದಲ್ಲಿ ಮುದ್ರಣಾಲಯದ ಮೇಜಿನ ಮೇಲೆ ಆತುರಾತುರವಾಗಿ ಮುಗಿಯುತ್ತದೆ.

ಕಳೆದ ಮೂರು ದಶಕಗಳಲ್ಲಿ ಈ ಹಾಳೆಗೆ ಇನ್ನೊಂದು ರೂಪ ಒದಗಿದೆ. ಅಂಚೆಯಲ್ಲಿ ಬರುವ ಅಚ್ಚಿನ ಪತ್ರಿಕೆಯ ಜೊತೆಗೆ ಮೊಬೈಲಿನ ಪರದೆಯ ಮೇಲೆ ತೆರೆದುಕೊಳ್ಳುವ ಜಾಲಪುಟವೂ ಈಗ ಸಮ್ಮೇಳನದ ಕರೆಯೋಲೆಯಾಗಿದೆ. ಆ ಪುಟವನ್ನು ಹೇಗೆ ರೂಪಿಸಬೇಕು ಎಂಬುದು ಮೇಲ್ನೋಟಕ್ಕೆ ತಾಂತ್ರಿಕ ಪ್ರಶ್ನೆ. ಗಣಕಯಂತ್ರ ಬಲ್ಲ ತರುಣನೊಬ್ಬನಿಗೆ ಅದನ್ನು ಒಪ್ಪಿಸಿ ಹಿರಿಯರು ನಿಶ್ಚಿಂತರಾಗುವುದು ರೂಢಿ. ವಸ್ತುತಃ ಅದು ಆತಿಥ್ಯದ ಪ್ರಶ್ನೆ. ದೊಡ್ಡ ಸಮ್ಮೇಳನವೊಂದಕ್ಕೆ ಹತ್ತಾರು ಪುಟಗಳ ಜಾಲತಾಣದ ಅವಶ್ಯಕತೆಯಿಲ್ಲ. ಚೆನ್ನಾಗಿ ಯೋಚಿಸಿ ಕಟ್ಟಿದ ಒಂದೇ ಪುಟ ಸಾಕು. ಆದರೆ ಆ ಒಂದು ಪುಟ ಯಾರಿಗೆ ಸೇರಿದ್ದು ಎಂಬುದು ಮೊದಲು ಇತ್ಯರ್ಥವಾಗಬೇಕು. ಅದು ಕರೆಯುವವರದೋ, ಬರುವವರದೋ? ಬರುವವರದು ಎಂಬ ಉತ್ತರವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ಆ ಪುಟದ ಪ್ರತಿಯೊಂದು ಸಾಲಿನ ಸ್ಥಾನವೂ ಬದಲಾಗುತ್ತದೆ.

ಮುಂಬಯಿಯ ಹಿನ್ನೆಲೆ

ಮುಂಬಯಿ ಕನ್ನಡಿಗರಿಗೆ ದೊಡ್ಡ ಸಮ್ಮೇಳನಗಳು ಹೊಸತಲ್ಲ. ಕನ್ನಡ ಸಾಹಿತ್ಯ ಸಮ್ಮೇಳನವು 1935ರಲ್ಲಿ ಎನ್.ಎಸ್. ಸುಬ್ಬರಾವ್ ಅವರ ಅಧ್ಯಕ್ಷತೆಯಲ್ಲಿಯೂ 1951ರಲ್ಲಿ ಮಂಜೇಶ್ವರದ ಗೋವಿಂದ ಪೈಯವರ ಅಧ್ಯಕ್ಷತೆಯಲ್ಲಿಯೂ ಈ ನಗರದಲ್ಲಿ ನೆರವೇರಿತು. ಆ ಎರಡೂ ಸಂದರ್ಭಗಳಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ಆ ಭಾಗದ ಕನ್ನಡಿಗನಿಗೆ ಮುಂಬಯಿ ದೂರದ ಊರಾದರೂ ಅನ್ಯ ರಾಜ್ಯವಾಗಿರಲಿಲ್ಲ. ಅದು ಅವನ ರಾಜಧಾನಿಯಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ಅನಂತರ ಮುಂಬಯಿ ಕನ್ನಡದ ಪಾಲಿಗೆ ಹೊರನಾಡಾಯಿತು. ಅಂದಿನಿಂದ ಇಲ್ಲಿಯ ಕನ್ನಡದ ಚಟುವಟಿಕೆಯ ಭಾರವೆಲ್ಲ 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳ ಮೇಲೂ, ಜಾತಿ ಸಮುದಾಯಗಳ ಸಂಘಗಳ ಮೇಲೂ, ರಾತ್ರಿ ಶಾಲೆಗಳ ಮೇಲೂ, ಮುಂದೆ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮೇಲೂ ಬಿದ್ದಿತು.

ಈ ಸಂಸ್ಥೆಗಳು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿವೆ ಎಂಬುದರಲ್ಲಿ ಎರಡು ಮಾತಿಲ್ಲ. ವಿಚಾರ ಸಂಕಿರಣ, ಯಕ್ಷಗಾನ, ನಾಟಕ, ಗ್ರಂಥ ಬಿಡುಗಡೆ, ದತ್ತಿ ಉಪನ್ಯಾಸಗಳಿಲ್ಲದ ರವಿವಾರ ಮುಂಬಯಿಯಲ್ಲಿ ಅಪರೂಪ. ಅವುಗಳ ಆಮಂತ್ರಣ ತಲುಪುವ ಕ್ರಮ ಮಾತ್ರ ಒಂದೇ. ಸದಸ್ಯರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಪತ್ರಿಕೆ ಹೋಗುತ್ತದೆ. ಅವರು ತಮ್ಮ ಬಂಧುಮಿತ್ರರಿಗೆ ಹೇಳುತ್ತಾರೆ. ಸ್ಥಳೀಯ ಕನ್ನಡ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬರುತ್ತದೆ. ಈಚೆಗೆ ವಾಟ್ಸಾಪಿನ ಗುಂಪುಗಳಲ್ಲಿ ಆಮಂತ್ರಣದ ಚಿತ್ರ ಕೈಯಿಂದ ಕೈಗೆ ಸಾಗುತ್ತದೆ. ಪರಿಚಯವಿದ್ದವರಿಂದ ಪರಿಚಯವಿದ್ದವರಿಗೆ ಹರಿಯುವ ಈ ಕ್ರಮದಲ್ಲಿ ಆತ್ಮೀಯತೆಯಿದೆ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಈ ವರ್ತುಲದ ಹೊರಗೆ ನಿಂತವನಿಗೆ ಅದು ಒಂದು ಗೋಡೆಯೂ ಆಗುತ್ತದೆ.

ಪಟ್ಟಿಯಲ್ಲಿ ಇಲ್ಲದವರು

ಹೊರಗೆ ನಿಂತವರು ಯಾರು? ಕಲಬುರಗಿ, ವಿಜಯಪುರ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದು ಉಪನಗರಗಳ ಅಂಚಿನಲ್ಲಿ ನೆಲಸಿದವರಿದ್ದಾರೆ. ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಿದ್ದಾರೆ. ಪೊವಾಯಿ, ಐರೋಲಿಯ ಗಣಕ ಸಂಸ್ಥೆಗಳಿಗೆ ಬೆಂಗಳೂರಿನಿಂದ ವರ್ಗವಾಗಿ ಬಂದು, ಎರಡು ಮೂರು ವರ್ಷ ಇದ್ದು ಹೋಗುವ ತರುಣ ತರುಣಿಯರಿದ್ದಾರೆ. ಇವರಾರೂ ಯಾವ ಸಂಘದ ಸದಸ್ಯರೂ ಅಲ್ಲ. ಮಾಟುಂಗದಲ್ಲಿ ಕನ್ನಡದ ಸಭಾಗೃಹಗಳಿವೆ ಎಂಬುದೂ ಇವರಲ್ಲಿ ಹಲವರಿಗೆ ತಿಳಿಯದು. ಇನ್ನೊಂದು ವರ್ಗ ಇಲ್ಲಿಯೇ ಹುಟ್ಟಿ ಬೆಳೆದ ಮೂರನೆಯ ತಲೆಮಾರಿನದು. ಅಜ್ಜ ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವನು. ತಂದೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮೊಮ್ಮಗಳು ಇಂಗ್ಲಿಷ್ ಮಾಧ್ಯಮದವಳು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಮಾತನಾಡುವ ಆಕೆಗೆ ಮರಾಠಿ ಓದಲು ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ.

ಕನ್ನಡ ಸಮಾರಂಭಗಳಲ್ಲಿ ತಲೆ ನರೆತವರೇ ಹೆಚ್ಚು ಎಂಬ ವಿಷಾದದ ಮಾತು ಪ್ರತಿಯೊಂದು ವಂದನಾರ್ಪಣೆಯಲ್ಲಿಯೂ ಕೇಳಿಬರುತ್ತದೆ. ತರುಣರಿಗೆ ಭಾಷಾಭಿಮಾನ ಇಲ್ಲವೆಂದು ತೀರ್ಮಾನ ಕೊಡುವುದು ಸುಲಭ. ಅವರನ್ನು ಯಾರು, ಯಾವ ಮಾರ್ಗದಿಂದ, ಯಾವ ಅಕ್ಷರಗಳಲ್ಲಿ ಕರೆದಿದ್ದಾರೆ ಎಂದು ಮರುಪ್ರಶ್ನೆ ಹಾಕಿದರೆ ಉತ್ತರ ಸುಲಭವಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವನು ತಾನಾಗಿಯೇ ಹುಡುಕಿದಾಗ ಸಿಗುವ ಆಮಂತ್ರಣ ಒಂದೇ, ಅದು ಜಾಲಪುಟ. ಅದು ಇಲ್ಲದಿದ್ದರೆ, ಇದ್ದರೂ ಅವನ ಪ್ರಶ್ನೆಗೆ ಉತ್ತರಿಸದಿದ್ದರೆ, ಅವನ ಮಟ್ಟಿಗೆ ಸಮ್ಮೇಳನ ನಡೆಯುವುದೇ ಇಲ್ಲ.

ದಿನ, ವೇಳೆ, ದಾರಿ

ಹೀಗೆ ಹುಡುಕಿಕೊಂಡು ಬಂದವನಿಗೆ ಮೊದಲು ಬೇಕಾದುದು ಏನು? ಸಮ್ಮೇಳನದ ಹೆಸರು, ತಾರೀಖು, ವಾರ, ಆರಂಭದ ವೇಳೆ, ಸ್ಥಳ. ಈ ಐದು ಸಂಗತಿಗಳು ಪುಟದ ತಲೆಯಲ್ಲಿ, ಬೆರಳಿನಿಂದ ಪರದೆಯನ್ನು ಸರಿಸದೆ ಕಾಣುವಂತೆ ಇರಬೇಕು. ಇದು ಹೇಳಬೇಕಾದ ಮಾತೇ ಎಂದು ತೋರಬಹುದು. ಆದರೆ ಸ್ವಾಗತಾಧ್ಯಕ್ಷರ ಭಾವಚಿತ್ರ, ಲಾಂಛನ, ಶುಭಾಶಯಗಳ ಸಾಲು ದಾಟಿದ ಮೇಲೆ ಕೆಳಗೆ ಎಲ್ಲೋ ತಾರೀಖು ಸಿಗುವ ಪುಟಗಳನ್ನು ಕಂಡವರಿಗೆ ಇದರ ಅಗತ್ಯ ಮನದಟ್ಟಾಗುತ್ತದೆ.

ಮುಂಬಯಿಯಲ್ಲಿ ಸ್ಥಳವೆಂದರೆ ಬರಿಯ ವಿಳಾಸವಲ್ಲ. ಅದು ರೈಲು ಮಾರ್ಗ. ಮಾಟುಂಗದ ಉದಾಹರಣೆಯನ್ನೇ ನೋಡಬಹುದು. ಮೈಸೂರು ಅಸೋಸಿಯೇಶನ್ ಮಾಟುಂಗ ಪೂರ್ವದಲ್ಲಿದೆ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಮಾಟುಂಗ ಪಶ್ಚಿಮದಲ್ಲಿದೆ. ಮೊದಲನೆಯದಕ್ಕೆ ಮಧ್ಯ ರೈಲ್ವೆಯ ಮಾಟುಂಗ ನಿಲ್ದಾಣ ಅಥವಾ ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್ ಅನುಕೂಲ. ಎರಡನೆಯದಕ್ಕೆ ಪಶ್ಚಿಮ ರೈಲ್ವೆಯ ಮಾಟುಂಗ ರೋಡ್. ಹೆಸರು ಒಂದೇ ಬಗೆಯದು, ಮಾರ್ಗಗಳು ಬೇರೆ. ಮಾಟುಂಗ ಎಂದಷ್ಟೇ ಓದಿಕೊಂಡು ಬಂದ ಹೊಸಬನು ತಪ್ಪು ನಿಲ್ದಾಣದಲ್ಲಿ ಇಳಿದರೆ ಉದ್ಘಾಟನೆಯ ಭಾಷಣ ಅವನ ಪಾಲಿಗೆ ತಪ್ಪಿದಂತೆಯೇ. ವೇಗದ ಗಾಡಿಗಳು ಈ ಎರಡೂ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲವೆಂಬುದು, ದಾದರಿನಲ್ಲಿ ಇಳಿದು ನಿಧಾನದ ಗಾಡಿ ಹಿಡಿಯಬೇಕೆಂಬುದು ಹಳಬರಿಗೆ ಕರತಲಾಮಲಕ. ಕಲ್ಯಾಣದಾಚೆಯಿಂದ ಮೊದಲ ಬಾರಿ ಬರುವವನಿಗೆ ಅದನ್ನು ಒಂದು ಸಾಲಿನಲ್ಲಿ ಹೇಳಬೇಕಾಗುತ್ತದೆ. ವಿಶ್ವವಿದ್ಯಾಲಯದ ಕಲೀನಾ ಆವರಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪಶ್ಚಿಮ ಮಾರ್ಗದವನು ಸಾಂತಾಕ್ರೂಜಿನಲ್ಲಿಯೂ ಮಧ್ಯ ಮಾರ್ಗದವನು ಕುರ್ಲಾದಲ್ಲಿಯೂ ಇಳಿದು ಬಸ್ಸನ್ನೋ ರಿಕ್ಷಾವನ್ನೋ ಹಿಡಿಯಬೇಕು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ರವಿವಾರದ್ದು. ಕನ್ನಡ ಸಮಾರಂಭಗಳು ಹೆಚ್ಚಾಗಿ ನಡೆಯುವುದು ರವಿವಾರ. ಹಳಿಗಳ ದುರಸ್ತಿಗಾಗಿ ರೈಲ್ವೆಯವರು ಹಗಲಿನ ಕೆಲವು ತಾಸು ಮೆಗಾ ಬ್ಲಾಕ್ ಮಾಡಿ ಗಾಡಿಗಳನ್ನು ತಡೆಯುವುದೂ ಮಾರ್ಗ ಬದಲಿಸುವುದೂ ರವಿವಾರವೇ. ಯಾವ ಮಾರ್ಗದಲ್ಲಿ ಎಷ್ಟು ಹೊತ್ತು ತಡೆ ಎಂಬುದನ್ನು ಅವರು ಕೆಲವು ದಿನ ಮುಂಚೆ ಮಾತ್ರ ಪ್ರಕಟಿಸುತ್ತಾರೆ. ಅಚ್ಚಿನ ಆಮಂತ್ರಣ ಅಷ್ಟರಲ್ಲಿ ಅಂಚೆ ಸೇರಿರುತ್ತದೆ. ಅದನ್ನು ತಿದ್ದಲು ಬರುವುದಿಲ್ಲ. ಜಾಲಪುಟವನ್ನು ಶನಿವಾರ ಸಂಜೆಯೂ ತಿದ್ದಬಹುದು. ಈ ಅನುಕೂಲವನ್ನು ಬಳಸದಿದ್ದರೆ ಜಾಲಪುಟ ಮಾಡಿ ಪ್ರಯೋಜನವೇನು? ತಿದ್ದಿದ ದಿನ ಮತ್ತು ವೇಳೆಯನ್ನು ಪುಟದ ಮೇಲೆಯೇ ನಮೂದಿಸಿದರೆ ಓದುವವನಿಗೆ ನಂಬಿಕೆ ಹುಟ್ಟುತ್ತದೆ.

ಒಂದು ಪುಟದಲ್ಲಿ ಎಷ್ಟು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂಬುದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಈ ನಗರದ ಪ್ರತಿಯೊಂದು ಪ್ಲಾಟ್‌ಫಾರ್ಮಿನ ಮೇಲೂ ತೂಗುವ ಇಂಡಿಕೇಟರ್ ಅಂತಹ ಮಾದರಿ. ಗಾಡಿ ಎಲ್ಲಿಗೆ, ಎಷ್ಟು ಗಂಟೆಗೆ, ನಿಧಾನದ್ದೋ ವೇಗದ್ದೋ, ಎಷ್ಟು ಡಬ್ಬಿಗಳು ಎಂಬುದಿಷ್ಟೇ ಅದರಲ್ಲಿರುತ್ತದೆ. ಜನದಟ್ಟಣೆಯಲ್ಲಿ ಓಡುತ್ತಿರುವವನು ಕತ್ತೆತ್ತಿ ಒಮ್ಮೆ ನೋಡಿದರೆ ಸಾಕು. ರೈಲ್ವೆ ಮಂತ್ರಿಗಳ ಹೆಸರು ಅದರ ಮೇಲೆ ಇರುವುದಿಲ್ಲ. ಇಲ್ಲದಿರುವುದರಿಂದ ಅವರ ಗೌರವಕ್ಕೆ ಕುಂದು ಬಂದಿದೆಯೆಂದು ಯಾರೂ ಭಾವಿಸಿಲ್ಲ.

ಸಮ್ಮೇಳನ ದೊಡ್ಡದಾದಷ್ಟೂ ಈ ಮಿತವ್ಯಯದ ಅಗತ್ಯ ಹೆಚ್ಚುತ್ತದೆ. 2004ರ ಜನವರಿ 16ರಿಂದ 21ರವರೆಗೆ ಗೋರೆಗಾಂವಿನ ನೆಸ್ಕೋ ಮೈದಾನದಲ್ಲಿ ವಿಶ್ವ ಸಾಮಾಜಿಕ ವೇದಿಕೆಯ ಸಮಾವೇಶ ನಡೆಯಿತು. ಅನೇಕ ದೇಶಗಳಿಂದ, ಅನೇಕ ಭಾಷೆಗಳ ಸಾವಿರಾರು ಜನ ಬಂದು ಸೇರಿದ ಆ ಸಮಾವೇಶದಲ್ಲಿ ಆರು ದಿನಗಳ ಅವಧಿಯಲ್ಲಿ ನೂರಾರು ಸಭೆಗಳು ಜರುಗಿದವು. ಇಂತಹ ಸಂದರ್ಭದಲ್ಲಿ ಬಂದವನ ಪ್ರಶ್ನೆ ಯಾವಾಗಲೂ ಒಂದೇ: ಈಗ, ಯಾವ ಸಭಾಂಗಣದಲ್ಲಿ, ಯಾವ ಭಾಷೆಯಲ್ಲಿ, ಏನು ನಡೆಯುತ್ತಿದೆ? ಸಾಹಿತ್ಯ ಸಮ್ಮೇಳನದಲ್ಲಿಯೂ ಸಮಾನಾಂತರ ಗೋಷ್ಠಿಗಳು ಬಂದಿವೆ. ಗೋಷ್ಠಿಯ ಕಲಾಪವನ್ನು ಭಾಷಣಕಾರರ ಹಿರಿತನದ ಕ್ರಮದಲ್ಲಿ ಪಟ್ಟಿ ಮಾಡದೆ, ಗಂಟೆ ಮತ್ತು ಸಭಾಂಗಣಗಳ ಕ್ರಮದಲ್ಲಿ ಕೊಡುವುದು ಬಂದವನಿಗೆ ಮಾಡುವ ದೊಡ್ಡ ಉಪಕಾರ. ಅದರ ಕೆಳಗೆ ಪ್ರವೇಶ ಶುಲ್ಕವಿದೆಯೇ, ಹೆಸರು ನೋಂದಾಯಿಸಬೇಕೇ, ಊಟವಿದೆಯೇ, ಮೆಟ್ಟಿಲು ಹತ್ತಲಾಗದ ವೃದ್ಧರಿಗೆ ಲಿಫ್ಟ್ ಉಂಟೇ, ಪರ ಊರಿನವರು ಎಲ್ಲಿ ತಂಗಬೇಕು, ವಿಚಾರಿಸಲು ಯಾವ ದೂರವಾಣಿ ಎಂಬ ಆರು ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರವಿದ್ದರೆ ಪುಟದ ಮುಖ್ಯ ಕೆಲಸ ಮುಗಿಯಿತು.

ಅಕ್ಷರವೋ ಚಿತ್ರವೋ

ಇಷ್ಟನ್ನೂ ಕನ್ನಡದಲ್ಲಿ ಹೇಳುವಾಗ ಒಂದು ವಿಶೇಷ ಎಚ್ಚರಿಕೆ ಅವಶ್ಯ. ಕನ್ನಡದ ಆಮಂತ್ರಣಗಳು ಇಂದು ಹೆಚ್ಚಾಗಿ ಚಿತ್ರಗಳ ರೂಪದಲ್ಲಿ ಸಂಚರಿಸುತ್ತಿವೆ. ಮುದ್ರಣಾಲಯದಲ್ಲಿ ಸಿದ್ಧವಾದ ಪತ್ರಿಕೆಯನ್ನೇ ಛಾಯಾಚಿತ್ರದಂತೆ ಜಾಲಪುಟಕ್ಕೆ ಅಂಟಿಸಿಬಿಡುವುದು ವಾಡಿಕೆಯಾಗಿದೆ. ಕಣ್ಣಿಗೆ ಅದರಲ್ಲಿ ಅಕ್ಷರಗಳು ಕಂಡರೂ ಯಂತ್ರದ ಪಾಲಿಗೆ ಅದು ಬಣ್ಣಗಳ ಹರವು. ಅದನ್ನು ಹುಡುಕಿ ಹಿಡಿಯುವುದು ಕಷ್ಟ. ಸಣ್ಣ ಪರದೆಯ ಮೇಲೆ ಹಿಗ್ಗಿಸಿದರೆ ಸಾಲುಗಳು ಅಂಚಿನಾಚೆಗೆ ಸರಿಯುತ್ತವೆ. ಓಡುವ ಲೋಕಲ್ ಗಾಡಿಯಲ್ಲಿ ಸಂಪರ್ಕ ದುರ್ಬಲವಾದಾಗ ತೆರೆದುಕೊಳ್ಳುವುದೇ ಇಲ್ಲ. ದೃಷ್ಟಿಹೀನರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಬಂದಿವೆ. ಅಕ್ಷರವಾಗಿ ಬರೆದ ಕನ್ನಡವನ್ನು ಅವು ಓದಬಲ್ಲವು. ಚಿತ್ರದ ಮುಂದೆ ಅವುಗಳಿಗೆ ಮಾತು ಹೊರಡುವುದಿಲ್ಲ.

ಕನ್ನಡ ಮುದ್ರಣದ ಚರಿತ್ರೆಯನ್ನು ಬಲ್ಲವರಿಗೆ ಇದರಲ್ಲಿ ಒಂದು ವಿಪರ್ಯಾಸ ಕಾಣುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಕೈಯಲ್ಲಿ ಬರೆದ ಪುಟವನ್ನು ಇಡಿಯಾಗಿ ಕಲ್ಲಿನ ಮೇಲೆ ಮೂಡಿಸಿ ತೆಗೆಯುವ ಕ್ರಮ ಅದು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಸಾಗಿ ಅಚ್ಚಿನ ಮೊಳೆಗಳ ಸೌಕರ್ಯ ಪಡೆಯಿತು. ಬಿಡಿ ಮೊಳೆಗಳನ್ನು ಜೋಡಿಸುವ, ತಿದ್ದುವ, ಮತ್ತೆ ಬಳಸುವ ಸ್ವಾತಂತ್ರ್ಯ ಆ ಪತ್ರಿಕೆಗೆ ಹೀಗೆ ಒದಗಿತು. ಪುಟವನ್ನು ಚಿತ್ರವಾಗಿ ಹಂಚುವ ಇಂದಿನ ಕ್ರಮ ನೂರ ಎಂಬತ್ತು ವರ್ಷಗಳ ಹಿಂದಿನ ಕಲ್ಲಚ್ಚಿಗೆ ಮರಳಿದಂತೆ. ಅಂದು ಮೋಗ್ಲಿಂಗರಿಗೆ ಅನ್ಯಮಾರ್ಗವಿರಲಿಲ್ಲ, ಇಂದು ಇದೆ.

ಆ ಮಾರ್ಗವನ್ನು ತೆರೆದವರಲ್ಲಿ ಮುಂಬಯಿಯಲ್ಲಿ ವೃತ್ತಿ ನಡೆಸಿದವರೂ ಇದ್ದಾರೆಂಬುದು ಇಲ್ಲಿಯ ಕನ್ನಡಿಗರು ಮರೆಯಬಾರದ ಸಂಗತಿ. ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆಯ ವಿನ್ಯಾಸ ಮುಂದೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆಯಿತು. ಭಾಭಾ ಅಣುಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ 'ವಿಶ್ವಕನ್ನಡ' ಕನ್ನಡದ ಮೊತ್ತಮೊದಲ ಜಾಲತಾಣವೆಂದು ಹೆಸರಾಗಿದೆ. ಸಾರ್ವಜನಿಕರಿಗೆ ಅಂತರಜಾಲದ ಸೇವೆ ಭಾರತದಲ್ಲಿ ದೊರೆತದ್ದು 1995ರ ಆಗಸ್ಟ್ 15ರಂದು. ಅದಾಗಿ ಒಂದೆರಡು ವರ್ಷಗಳೊಳಗೆ ಕನ್ನಡ ಅಲ್ಲಿ ಕಾಲೂರಿತು. ಅಂದಿನ ಕಷ್ಟಗಳು ಅನೇಕ. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತ ವ್ಯವಸ್ಥೆ; ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದ ಯುನಿಕೋಡ್ ವ್ಯವಸ್ಥೆ ಮುಂದೆ ಎಲ್ಲ ಗಣಕಗಳಿಗೂ ಮೊಬೈಲುಗಳಿಗೂ ಹಬ್ಬಿ ಈ ತೊಡಕನ್ನು ನಿವಾರಿಸಿತು. ಆದರೂ ಅನೇಕ ಮುದ್ರಣಾಲಯಗಳು ಹಳೆಯ ಸಂಕೇತಗಳನ್ನೇ ಬಳಸುತ್ತಿರುವುದರಿಂದ ಅಲ್ಲಿಂದ ಬಂದ ಪಿ.ಡಿ.ಎಫ್. ಕಡತ ಹುಡುಕಾಟಕ್ಕೆ ಸಿಗದೆ ಉಳಿಯುತ್ತದೆ. ಸಮ್ಮೇಳನದ ಪುಟವನ್ನು ಯುನಿಕೋಡಿನಲ್ಲಿ ಹೊಸದಾಗಿ ಬೆರಳಚ್ಚು ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಅಷ್ಟು ಶ್ರಮವನ್ನು ಉಳಿಸುವುದಕ್ಕಾಗಿ ಓದುಗರನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ಕನ್ನಡ ಸಮ್ಮೇಳನದ ಪುಟದಲ್ಲಿ ಕನ್ನಡಕ್ಕೆ ಅಗ್ರಸ್ಥಾನ, ಅದರಲ್ಲಿ ರಾಜಿಯಿಲ್ಲ. ಕನ್ನಡ ಸಮಾರಂಭಕ್ಕೆ ಇಂಗ್ಲಿಷಿನಲ್ಲಿ ಮಾತ್ರ ಜಾಲಪುಟ ಮಾಡುವುದು ಕನ್ನಡದ ಶಕ್ತಿಯಲ್ಲಿ ಅಪನಂಬಿಕೆಯನ್ನು ಪ್ರಕಟಿಸಿದಂತೆ. ಆದರೆ ಪುಟದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು, ಮರಾಠಿಯಲ್ಲಿ ಒಂದು ಕಿರು ಕಂಡಿಕೆ ಇದ್ದರೆ ಅಕ್ಷರ ಬಾರದ ಮೊಮ್ಮಗಳಿಗೂ ಕರೆ ತಲುಪುತ್ತದೆ, ಕನ್ನಡದಲ್ಲಿ ಆಸಕ್ತಿಯಿರುವ ಮರಾಠಿ ನೆರೆಯವರಿಗೂ ತಲುಪುತ್ತದೆ. ನಿಲ್ದಾಣಗಳ ಫಲಕಗಳು ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿವೆ. ಇಳಿಯಬೇಕಾದ ನಿಲ್ದಾಣದ ಹೆಸರನ್ನು ಕನ್ನಡದ ಜೊತೆಗೆ ಆ ಲಿಪಿಗಳಲ್ಲಿಯೂ ಕೊಡುವುದು ವಿವೇಕ. ಮುಂಬಯಿ ಎಂದು ಹುಡುಕುವವರಿದ್ದಾರೆ, ಮುಂಬೈ ಎಂದು ಹುಡುಕುವವರೂ ಇದ್ದಾರೆ. ಎರಡು ರೂಪಗಳೂ ಪುಟದಲ್ಲಿ ಎಲ್ಲಾದರೂ ಬಂದಿದ್ದರೆ ಇಬ್ಬರಿಗೂ ದಾರಿ ಸಿಗುತ್ತದೆ.

ಹೆಸರುಗಳ ಪ್ರಶ್ನೆ

ಈ ವಾದಕ್ಕೆ ಬರಬಹುದಾದ ಮುಖ್ಯ ಆಕ್ಷೇಪ ಹೆಸರುಗಳದು. ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಮುಂಬಯಿಯ ಕನ್ನಡ ಸಂಸ್ಥೆಗಳು ಬಹುಮಟ್ಟಿಗೆ ದಾನಿಗಳ ಔದಾರ್ಯದಿಂದಲೂ ಕಾರ್ಯಕರ್ತರ ನಿರ್ವೇತನ ದುಡಿಮೆಯಿಂದಲೂ ನಿಂತಿವೆ. ದಿನವಿಡೀ ಹೋಟೆಲನ್ನೋ ಕಚೇರಿಯನ್ನೋ ನೋಡಿಕೊಂಡು ರಾತ್ರಿ ಸಭಾಗೃಹದ ಕುರ್ಚಿಗಳನ್ನು ಜೋಡಿಸುವವನಿಗೆ ಆಮಂತ್ರಣದಲ್ಲಿ ಅಚ್ಚಾದ ತನ್ನ ಹೆಸರೇ ಸಂಬಳ. ಊರಿನಲ್ಲಿರುವ ತಾಯಿಗೆ ಅವನು ಕಳಿಸುವುದು ಆ ಪತ್ರಿಕೆಯನ್ನು. ಆದುದರಿಂದ ಹೆಸರುಗಳ ಉದ್ದನೆಯ ಪಟ್ಟಿಯನ್ನು ಬರಿಯ ಆಡಂಬರವೆಂದು ಟೀಕಿಸುವುದು ಈ ಸಂಸ್ಥೆಗಳ ಜೀವಾಳವನ್ನು ಅರಿಯದವರ ಮಾತು.

ಹೆಸರುಗಳು ಇರಲಿ, ಎಲ್ಲ ಹೆಸರುಗಳೂ ಇರಲಿ. ಅಚ್ಚಿನ ಹಾಳೆಯಲ್ಲಿ ಸ್ಥಳದ ಅಭಾವದಿಂದ ಕೈಬಿಟ್ಟುಹೋಗುವ ಅಡುಗೆಯವರ, ಧ್ವನಿವರ್ಧಕದವರ, ಕರಡು ತಿದ್ದಿದವರ ಹೆಸರುಗಳಿಗೂ ಜಾಲಪುಟದಲ್ಲಿ ಎಡೆಯುಂಟು. ಪ್ರಶ್ನೆಯಿರುವುದು ಅವು ಎಲ್ಲಿರಬೇಕು ಎಂಬುದರಲ್ಲಿ ಮಾತ್ರ. ಬರುವವನ ಅಗತ್ಯಗಳು ಮುಗಿದ ಮೇಲೆ, ಪುಟದ ಕೆಳಭಾಗದಲ್ಲಿ, ಅವರವರ ಕೆಲಸದ ಉಲ್ಲೇಖದೊಡನೆ ಅವು ಬರಲಿ. ಮನೆಯ ಯಜಮಾನನು ಅತಿಥಿಗೆ ಮೊದಲು ಕಾಲಿಗೆ ನೀರು ಕೊಡುತ್ತಾನೆ; ತನ್ನ ವಂಶಾವಳಿಯನ್ನು ಊಟವಾದ ಮೇಲೆ ಹೇಳುತ್ತಾನೆ. ಈ ಕ್ರಮದಿಂದ ಯಜಮಾನನ ಹಿರಿಮೆಗೆ ಊನವಾದದ್ದಿಲ್ಲ.

ಜಾಲಪುಟ ಓದಲಾರದ ಹಿರಿಯರ ಗತಿಯೇನು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಒಂದೇ ಪುಟವೆಂಬ ನಿಯಮದಲ್ಲಿಯೇ ಇದೆ. ಹತ್ತು ಪುಟಗಳ ಜಾಲತಾಣವನ್ನು ಯಾರೂ ಮುದ್ರಿಸುವುದಿಲ್ಲ; ಒಂದು ಪುಟವನ್ನು ಒಂದು ಹಾಳೆಯ ಎರಡು ಮಗ್ಗುಲಲ್ಲಿ ಮುದ್ರಿಸಿ ಹಂಚಬಹುದು. ಅದೇ ಮಾತು, ಅ‌ದೇ ಕ್ರಮ. ಕಾಗದದ ಮೇಲೊಂದು, ಪರದೆಯ ಮೇಲೊಂದು. ವಾಟ್ಸಾಪಿನ ಸಂದೇಶಕ್ಕೂ ಇದರಿಂದ ಹಾನಿಯಿಲ್ಲ. ಚಿತ್ರದ ಬದಲು ಪುಟದ ಕೊಂಡಿಯನ್ನು ಕಳಿಸಿದರೆ, ವೇಳೆ ಬದಲಾದಾಗ ಹಳೆಯ ಚಿತ್ರವೂ ಹೊಸ ಚಿತ್ರವೂ ಒಟ್ಟಿಗೆ ತಿರುಗಾಡಿ ಜನರನ್ನು ಗೊಂದಲಕ್ಕೆ ಕೆಡಹುವ ಪ್ರಸಂಗವೂ ತಪ್ಪುತ್ತದೆ.

ಸಮ್ಮೇಳನ ಮುಗಿದ ಮೇಲೆ

ವಂದನಾರ್ಪಣೆಯೊಡನೆ ಸಮ್ಮೇಳನ ಮುಗಿಯುತ್ತದೆ. ಪುಟದ ಎರಡನೆಯ ಆಯುಷ್ಯ ಅಲ್ಲಿಂದ ಮೊದಲಾಗುತ್ತದೆ. ಯಾರು ಬಂದರು, ಯಾವ ವಿಷಯಗಳು ಮಂಡಿತವಾದವು ಎಂಬುದಕ್ಕೆ ಮುಂದಿನವರಿಗೆ ಅದು ಆಧಾರ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಗ್ರಂಥಪಾಲರಾಗಿದ್ದು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿಯೂ ಸೇವೆ ಸಲ್ಲಿಸಿದ ಶ್ರೀನಿವಾಸ ಹಾವನೂರರು 1974ರಲ್ಲಿ ಪ್ರಕಟಿಸಿದ 'ಹೊಸಗನ್ನಡದ ಅರುಣೋದಯ' ಎಂಬ ಮಹತ್ವದ ಗ್ರಂಥ ನಿಂತಿರುವುದು ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಸಾಮಗ್ರಿಯ ಮೇಲೆ. ಆ ಕಾಲದವರಿಗೆ ನಾಳೆ ಬಿಸಾಡಬಹುದಾದ ಕಾಗದವಾಗಿದ್ದುದು ಸಂಶೋಧಕನಿಗೆ ಸಾಕ್ಷ್ಯವಾಯಿತು. ಕಾಗದ ಹಾಗೆ ಉಳಿಯುತ್ತದೆ. ಯಾರದೋ ಅಟ್ಟದ ಮೇಲೆ, ಪೆಟ್ಟಿಗೆಯ ತಳದಲ್ಲಿ, ಮರೆತುಹೋಗಿಯೂ ಉಳಿಯುತ್ತದೆ. ಜಾಲಪುಟ ಮರೆತರೆ ಉಳಿಯುವುದಿಲ್ಲ. ಅದರ ವಿಳಾಸಕ್ಕೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಸ್ವಾಗತ ಸಮಿತಿ ವಿಸರ್ಜನೆಯಾದ ಮೇಲೆ ಕಟ್ಟುವವರು ಯಾರು? ಒಂದೆರಡು ವರ್ಷಗಳಲ್ಲಿ ಆ ವಿಳಾಸ ಬೇರೆಯವರ ಪಾಲಾಗಿ, ಸಮ್ಮೇಳನದ ಹೆಸರಿನಲ್ಲಿ ಯಾವುದೋ ಸರಕಿನ ಜಾಹೀರಾತು ಕಾಣಿಸುತ್ತದೆ. ಉಚಿತವೆಂದು ನಂಬಿದ ತಾಣಗಳೂ ಶಾಶ್ವತವಲ್ಲ. ಲಕ್ಷಾಂತರ ಜನರ ಪುಟಗಳನ್ನು ಇರಿಸಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿಹೋಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ರೂಪಿಸಿ 1991ರಲ್ಲಿ ಸಾರ್ವಜನಿಕರ ಮುಂದಿಟ್ಟ ಜಗತ್ತಿನ ಮೊದಲ ಜಾಲಪುಟವನ್ನು ಅದೇ ಸಂಸ್ಥೆ 2013ರಲ್ಲಿ ಮೂಲ ವಿಳಾಸದಲ್ಲಿಯೇ ಪುನಃ ಸ್ಥಾಪಿಸಿತು. ಅದರಲ್ಲಿ ಚಿತ್ರವಿಲ್ಲ, ಅಲಂಕಾರವಿಲ್ಲ; ಕೆಲವು ಸಾಲುಗಳು, ಕೆಲವು ಕೊಂಡಿಗಳು. ಅಂದು ಊಹಿಸಿಯೂ ಇರದ ಇಂದಿನ ಮೊಬೈಲಿನಲ್ಲಿ ಅದು ನಿರಾಯಾಸವಾಗಿ ತೆರೆದುಕೊಳ್ಳುತ್ತದೆ. ಸರಳವಾಗಿ ಬರೆದದ್ದು, ಅದನ್ನು ತನ್ನದೆಂದು ಭಾವಿಸುವ ಸಂಸ್ಥೆಯೊಂದು ಇದ್ದದ್ದು, ಈ ಎರಡು ಕಾರಣಗಳಿಂದ ಅದು ಮತ್ತೆ ಬದುಕಿತು.

ಮುಂಬಯಿಯ ಕನ್ನಡ ಸಮ್ಮೇಳನಗಳ ಪುಟಗಳನ್ನು ಹೀಗೆ ತನ್ನದೆಂದು ಭಾವಿಸಬಲ್ಲ ಸಂಸ್ಥೆ ಯಾವುದು? ಸಮಿತಿಗಳು ಬದಲಾಗುತ್ತವೆ, ಪದಾಧಿಕಾರಿಗಳು ನಿವೃತ್ತರಾಗುತ್ತಾರೆ. ವಿಶ್ವವಿದ್ಯಾಲಯದ ಕನ್ನಡ ವಿಭಾಗ ಸ್ಥಿರವಾದುದು. ದಾಖಲೆಗಳನ್ನು ಕಾಪಾಡುವುದು ಅದರ ಧರ್ಮವೂ ಹೌದು. ನಗರದಲ್ಲಿ ನಡೆಯುವ ಪ್ರತಿಯೊಂದು ಮುಖ್ಯ ಸಮ್ಮೇಳನದ ಪುಟಕ್ಕೂ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಒಂದು ಕಾಯಂ ಸ್ಥಾನ ಕೊಡುವ ಹೊಣೆಯನ್ನು ಅದು ವಹಿಸಿಕೊಳ್ಳಬೇಕು. 1996ರಿಂದ ಜಗತ್ತಿನ ಜಾಲಪುಟಗಳನ್ನು ಸಂಗ್ರಹಿಸುತ್ತಿರುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಪ್ರತಿಯನ್ನು ಇರಿಸಬೇಕು. ಕಾಗದದ ಮೇಲೆ ಮುದ್ರಿಸಿದ ಇನ್ನೊಂದು ಪ್ರತಿ ಗ್ರಂಥಾಲಯದಲ್ಲಿರಬೇಕು. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳಿಗೆ ಇಂತಹ ಪುಟವೊಂದನ್ನು ರೂಪಿಸುವ ಕೆಲಸವನ್ನು ಅಭ್ಯಾಸದ ಭಾಗವಾಗಿ ಕೊಡಬಹುದು. ಒಂದು ಪುಟದಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿ, ಬೇಡದ್ದನ್ನು ಬಿಡುವುದು ಗದ್ಯರಚನೆಯ ಕಠಿಣ ಪಾಠಗಳಲ್ಲಿ ಒಂದು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ತೂಗಿ ನೋಡುವ ವಿದ್ಯಾರ್ಥಿಗೆ ಈ ವಿವೇಚನೆ ಪರಕೀಯವಾಗಲಾರದು.

ಇದಕ್ಕೆಲ್ಲ ಬೇಕಾಗುವ ಹಣ ಅತ್ಯಲ್ಪ. ಒಂದು ಹೊತ್ತಿನ ಉಪಾಹಾರದ ವೆಚ್ಚವೂ ಆಗಲಾರದು. ಬೇಕಾದುದು ಸ್ವಾಗತ ಸಮಿತಿಯ ಮೊದಲ ಸಭೆಯಲ್ಲಿಯೇ ಈ ವಿಷಯಕ್ಕೆ ಅರ್ಧ ಗಂಟೆಯ ಚರ್ಚೆ, ಮತ್ತು ಪುಟವನ್ನು ಪ್ರಕಟಿಸುವ ಮುನ್ನ ಒಂದು ಸಣ್ಣ ಪರೀಕ್ಷೆ. ಸಂಘದ ಪರಿಚಯವೇ ಇಲ್ಲದ, ಈ ನಗರಕ್ಕೆ ಹೊಸಬನಾದ ಕನ್ನಡಿಗನೊಬ್ಬನಿಗೆ ಆ ಪುಟವನ್ನು ತೋರಿಸಬೇಕು. ಯಾರನ್ನೂ ವಿಚಾರಿಸದೆ, ರವಿವಾರ ಬೆಳಿಗ್ಗೆ ಯಾವ ಗಾಡಿ ಹಿಡಿದು, ಎಲ್ಲಿ ಇಳಿದು, ಎಷ್ಟು ಗಂಟೆಗೆ ಯಾವ ಬಾಗಿಲಿಗೆ ಬರಬೇಕೆಂದು ಅವನು ಹೇಳಬಲ್ಲನಾದರೆ ಪುಟ ಸಿದ್ಧವಾಗಿದೆ ಎಂದರ್ಥ. ಹೇಳಲಾರನಾದರೆ ಮತ್ತೆ ಬರೆಯಬೇಕು.